ಪರ್ತ್‌ನ ರಾಹುಕಾಲ

‘ಆಗಲ್ಲ’ ಅಂತ ಯಾರಾದರೂ ಅಂದರೆ ಅಹಲ್ಯಾಗೆ ಮೈಯೆಲ್ಲ ಉರಿಯುತ್ತದೆ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗಲೂ ಹಾಗೇ, ಬ್ರಿಸ್ಬೇನಿನ ಟೂವಾಂಗ್‌ಗೆ ಬಂದು ಏಳು ವರ್ಷವಾದರೂ ಹಾಗೇ. ೨೦೧೩ರಲ್ಲಿ, ತಾನು ಕೆಲಸಕ್ಕಿದ್ದ ಕ್ಲಿನಿಕ್ ಕಂಪನಿಗೆಂದು ಅವಳೊಂದು ಸಿ.ಡಿ. ತಯಾರಿಸಿದಳು. ಡಾಕ್ಟರು ಅದನ್ನು ಹಾಕಿ ಮನೆಯ ಕಂಪ್ಯೂಟರ್ ಆನ್ ಮಾಡಿದರೆ ವಿಂಡೋಸ್ ಏಳುವುದೇ ಇಲ್ಲ. ಡಿಸ್ಕೇ ಎದ್ದು, ಮನೆಯ ವೈರಸ್ಸುಗಳನ್ನು ಹೊಸ್ತಿಲಾಚೆ ನಿಲ್ಲಿಸಿ, ಡಾಕ್ಟರನ್ನು ಸೀದಾ ಕ್ಲಿನಿಕ್ಕಿನ ನೆಟ್‌ವರ್ಕಿಗೆ ಒಯ್ಯುತ್ತದೆ.

ಬ್ರಿಸ್ಬೇನಿನಲ್ಲಿ ಎಲ್ಲರಿಗೂ ನೆಟ್‌ವರ್ಕ್ ಸಿಕ್ಕಿತು. ಅಡಿಲೇಡ್, ಪರ್ತ್‌ನಲ್ಲಿ ಒಬ್ಬರಿಗೂ ಇಲ್ಲ. ಮೂರು ವಾರ ಅಹಲ್ಯಾ ಪಾಸ್‌ವರ್ಡಿನಿಂದ ಹಿಡಿದು ಎಲ್ಲವನ್ನೂ ಜಾಲಾಡಿದಳು. ಬೆಂಗಳೂರಿನವರೇ ಆದ ಮ್ಯಾನೇಜರ್ ರಮಾಕಾಂತ್, ಶುಕ್ರವಾರ ಸಂಜೆಯೊಳಗೆ ಸರಿಹೋಗದಿದ್ದರೆ ಡಿಸ್ಕ್ ಕಸದ ಬುಟ್ಟಿಗೆ ಎಂದರು. ಡಾಕ್ಟರುಗಳಿಗೆ ಬಳಸಲು ಬರುವುದಿಲ್ಲ ಎಂದು ವರದಿಯಲ್ಲಿ ಬರೆದುಬಿಡಿ, ನಿಮ್ಮ ಹೆಸರು ಕೆಡುವುದಿಲ್ಲ ಎಂದು ಉಪಾಯವನ್ನೂ ಹೇಳಿಕೊಟ್ಟರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅವಳು ನಾನಲ್ಲ ಎಂದು ಅಹಲ್ಯಾ ಖಡಾಖಂಡಿತವಾಗಿ ಹೇಳಿ ಎದ್ದುಬಂದಳು.

ಶುಕ್ರವಾರ ಹನ್ನೆರಡೂಮುಕ್ಕಾಲಿಗೆ ಪರ್ತ್‌ನ ಡಾಕ್ಟರ್ ವಿಶಾಲಾಕ್ಷಿ ಆಂಟಿಗೆ ಫೋನ್ ಮಾಡಿ, ಇನ್ನೊಮ್ಮೆ ಡಿಸ್ಕ್ ಹಾಕಿ ಎಂದು ಕೇಳಿಕೊಂಡಳು. ಆಂಟಿ ಒಪ್ಪಲಿಲ್ಲ. ರಾಹುಕಾಲವಂತೆ. ಆಪರೇಷನ್ನಿಗೆ ಎಂದೂ ರಾಹುಕಾಲ ನೋಡದ ಹೆಂಗಸು, ಡಿಸ್ಕಿಗೆ ಒಂಬತ್ತು ಸಲ ಸೋತ ಮೇಲೆ ಪಂಚಾಂಗ ಹಿಡಿದಿದ್ದರು.

“ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ಅಲ್ವಾ ಆಂಟಿ? ಮುಗ್ದೋಯ್ತಲ್ಲ.”

“ನಿಮ್ಮೂರಲ್ಲಿ ಮುಗೀತಮ್ಮ. ನಮ್ಮಲ್ಲಿ ಈಗಿನ್ನೂ ಹತ್ತೂಮುಕ್ಕಾಲು.”

ಅಹಲ್ಯಾ ಹಣೆ ಚಚ್ಚಿಕೊಂಡಳು. ಡಿಸ್ಕಿನೊಳಗೆ ಅವಳು ಬ್ರಿಸ್ಬೇನಿನ ಸಮಯವನ್ನೇ ಕೂರಿಸಿಬಿಟ್ಟಿದ್ದಳು. ಪರ್ತ್‌ನ ಕಂಪ್ಯೂಟರ್ ಹತ್ತೂಮುಕ್ಕಾಲು ಅಂದರೆ, ಡಿಸ್ಕ್ ಅದನ್ನು ಬ್ರಿಸ್ಬೇನಿನ ಹತ್ತೂಮುಕ್ಕಾಲು ಎಂದು ನಂಬಿ ಕ್ಲಿನಿಕ್ಕಿನ ಸರ್ವರ್‌ಗೆ ಒಪ್ಪಿಸುತ್ತಿತ್ತು. ಗಡಿಯಾರ ಐದು ನಿಮಿಷ ತಪ್ಪಿದರೂ ಸರ್ವರ್ ಕಳ್ಳರೆಂದು ಹೊರಗಟ್ಟುತ್ತದೆ. ಪರ್ತ್ ಎರಡು ಗಂಟೆ ಹಿಂದೆ, ಅಡಿಲೇಡ್ ಅರ್ಧ ಗಂಟೆ.

ಮೊದಲು ಊರು ಯಾವುದೆಂದು ಕೇಳುವ ಹಾಗೆ ಡಿಸ್ಕನ್ನು ತಿದ್ದಿ ಫೈಲ್ ಕಳಿಸಿದಳು. ಆಂಟಿ ಅದನ್ನು ಖಾಲಿ ಸಿ.ಡಿ.ಗೆ ಇಳಿಸಿಕೊಂಡು, ತಮ್ಮೂರಿನ ರಾಹುಕಾಲ ಕಳೆದ ಮೇಲೆಯೇ ಹಾಕಿದರು. ನೆಟ್‌ವರ್ಕ್ ಸಿಕ್ಕಿತು. ನಾಲ್ಕರ ಹೊತ್ತಿಗೆ ಅಡಿಲೇಡಿನಿಂದಲೂ ಅದೇ ಸುದ್ದಿ ಬಂತು.

ರಮಾಕಾಂತ್‌ಗೆ ಖುಷಿಯೋ ಖುಷಿ. ಆದರೂ ವರದಿಯಲ್ಲಿ ತಾವೇ ಸೇರಿಸಿದ್ದ ‘ಬಳಸಿದವರ ತಪ್ಪು’ ಎಂಬ ಸಾಲು ಹಾಗೇ ಇರಲಿ, ನಮ್ಮ ಮರ್ಯಾದೆ ಪ್ರಶ್ನೆ ಎಂದರು. ಅಹಲ್ಯಾ ಆ ಸಾಲನ್ನು ಅವರೆದುರಿಗೇ ಅಳಿಸಿದಳು.

“ತಪ್ಪು ನನ್ನದು ಅಂತಾನೇ ಹಾಕ್ತೀನಿ ಸರ್. ನಾಳೆ ಡಿಸ್ಕೂ ನನ್ನದೇ ಅಂದಾಗ ಯಾರೂ ಅಲ್ಲ ಅನ್ನಬಾರದು.”