ಸೋಫಾ ಅಕ್ಕ ಮತ್ತು ಮೂರನೇ ಒಡ್ಡು

ಸೋಫಾ ರಿಪೇರಿ ಅಂಗಡಿಯಲ್ಲಿ ಕೂತು ಕೂತು ಸೊಂಟ ಹಿಡಿದುಹೋಗಿದ್ದ ಹೆಂಗಸೊಬ್ಬಳು ನಲವತ್ತಾರನೇ ವಯಸ್ಸಿನಲ್ಲಿ ನದಿಗಿಳಿಯುತ್ತಾಳೆ ಅಂದರೆ ಯಾರು ತಾನೇ ನಂಬುತ್ತಾರೆ? ಅವಳ ಗಂಡನಂತೂ ನಂಬಲಿಲ್ಲ. ಬೇಕರಿಯ ಒಲೆಯ ಮುಂದೆ ನಿಲ್ಲುವ ಕೆಲಸ ಅವನದು. ಬೆಳಗಿನ ಬ್ರೆಡ್ಡು ಇಳಿಸಿ, ಮೈಮೇಲಿನ ಮೈದಾ ಕೊಡವಿಕೊಂಡು ಮನೆಗೆ ಬಂದರೆ ಮಧ್ಯಾಹ್ನದವರೆಗೂ ಗೊರಕೆ. ಅಂಥವನನ್ನು ಒಂದು ಭಾನುವಾರ ಅಲುಗಾಡಿಸಿ ಎಬ್ಬಿಸಿ, "ರೀ, ನಾನು ಈಜು ಕಲೀಬೇಕು" ಅಂದಳು.

"ಯಾಕೆ, ಅಂಗಡಿಗೆ ನೀರು ನುಗ್ತಾ?" ಎಂದ ಅವನು ಮಗ್ಗುಲು ಬದಲಿಸುತ್ತ.

ನಡೆದದ್ದಿಷ್ಟೆ. ಊರಿನ ದೋಣಿ ಕ್ಲಬ್ಬಿನವರು ಒಂದು ಕಯಾಕು ಹೊತ್ತು ತಂದಿದ್ದರು. ಒಬ್ಬರೇ ಕಾಲು ಚಾಚಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟು ಹಾಕುವ ಕಿರುದೋಣಿ ಅದು. ಸೀಟು ಹರಿದಿತ್ತು. ಊರೆಲ್ಲ ಸೋಫಾ ಅಕ್ಕ ಎಂದು ಕರೆಯುವ ಅವಳು ಹೊಲಿದುಕೊಟ್ಟಳು. ಹೊಲಿದದ್ದರಲ್ಲಿ ತಾನೇ ಒಮ್ಮೆ ಕೂತು ನೋಡದೆ ಯಾರ ಕುರ್ಚಿಯನ್ನೂ ಅವಳು ವಾಪಸು ಕೊಟ್ಟವಳಲ್ಲ. ಸ್ಪ್ರಿಂಗು, ನಾರು, ಸ್ಪಂಜಿನ ಚೂರುಗಳ ನಡುವೆ, ಅಂಗಡಿಯ ನೆಲದ ಮೇಲೆಯೇ ದೋಣಿಯೊಳಗೆ ಕೂತಳು. ಕೂತವಳು, ಗಿರಾಕಿಯೊಬ್ಬ ಬಂದು ಎರಡು ಸಲ ಕೆಮ್ಮುವವರೆಗೂ ಏಳಲಿಲ್ಲ.

ಈಜು ಕಲಿತಳು. ಆಮೇಲೆ ಹುಟ್ಟು ಹಾಕುವುದನ್ನು ಕಲಿತಳು. ದೋಣಿ ಮಗುಚಿದರೆ ಸೊಂಟದ ಒಂದೇ ತಿರುವಿಗೆ ಮತ್ತೆ ಮೇಲೇಳುವುದನ್ನು ಕಲಿಯಲು ಒಂದಿಡೀ ಬೇಸಿಗೆ ನೀರು ಕುಡಿದಳು. ಹಿಡಿದುಹೋಗಿದ್ದ ಸೊಂಟ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ.

ಆ ನದಿಗೆ ಅಡ್ಡಲಾಗಿ ಮೂರು ಒಡ್ಡುಗಳಿವೆ. ಎಂದೋ ಮುಚ್ಚಿಹೋದ ಗಿರಣಿಗೆ ನೀರು ತಿರುಗಿಸಲು ಕಟ್ಟಿದ, ಆಳೆತ್ತರದ ಗೋಡೆಗಳು. ಬೇಸಿಗೆಯಲ್ಲಿ ಅವು ಪಾಚಿ ಒಣಗಿದ ಕಲ್ಲು. ದೋಣಿಯನ್ನು ಎಳೆದುಕೊಂಡೇ ಇಳಿಸಬೇಕು. ನೀರು ಹದವಾಗಿದ್ದಾಗ ಗೋಡೆಯ ನಡುಮಧ್ಯೆ ನಾಲಗೆಯಂಥ ನುಣುಪಾದ ಧಾರೆ ಮೂಡುತ್ತದೆ, ಅದರ ಮೇಲೆ ಜಾರಿದರೆ ಮಕ್ಕಳ ಜಾರುಬಂಡಿಯ ಸುಖ. ನೀರು ಏರಿದಾಗ ಮಾತ್ರ ಬೇರೆಯೇ ಕಥೆ. ಕೆಳಗೆ ಬಿದ್ದ ನೀರು ಸುತ್ತಿ ಸುತ್ತಿ ಗೋಡೆಯ ಕಡೆಗೇ ಹೊರಳುತ್ತದೆ. ಅದರಲ್ಲಿ ಬಿದ್ದದ್ದನ್ನು ಬಿಟ್ಟುಕೊಡುವುದಿಲ್ಲ. ಅಂಥ ದಿನ ಸೋಫಾ ಅಕ್ಕ ದಡಕ್ಕೆ ಬಂದು, ದೋಣಿಯನ್ನು ಹೆಗಲಿಗೇರಿಸಿ, ಒಡ್ಡನ್ನು ಸುತ್ತಿ ನಡೆದುಬಿಡುತ್ತಿದ್ದಳು. ಗಂಡ ಸ್ಕೂಟರಿನಲ್ಲಿ ದಡದ ರಸ್ತೆ ಹಿಡಿದು, ಪ್ರತಿ ಒಡ್ಡಿನ ಕೆಳಗೂ ಹಗ್ಗ ಹಿಡಿದು ನಿಲ್ಲುತ್ತಿದ್ದ. ಅವನಿಗೆ ಈಜು ಬಾರದು.

ಒಂದು ದಿನ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಮೇಲಿನ ಗುಡ್ಡಗಳಲ್ಲಿ ರಾತ್ರಿಯಿಡೀ ಮಳೆ ಸುರಿದದ್ದು ಊರಿಗೆ ಗೊತ್ತಿರಲಿಲ್ಲ. ಮೊದಲೆರಡು ಒಡ್ಡು ಸಲೀಸಾಗಿ ದಾಟಿದಳು. ಮೂರನೆಯದಕ್ಕೆ ಬರುವಷ್ಟರಲ್ಲಿ ನೀರು ಸದ್ದಿಲ್ಲದೆ ಏರಿತ್ತು. ಮೇಲಿನಿಂದ ನೋಡಿದರೆ ಒಡ್ಡು ಎಂದರೆ ನೀರಿನ ಮೇಲೊಂದು ಗೆರೆ, ಅಷ್ಟೆ. ದಡಕ್ಕೆ ಬಂದು, ಇಳಿದು ನೋಡಬೇಕಿತ್ತು. ನೋಡಲಿಲ್ಲ.

ಕೆಳಗೆ ನಿಂತಿದ್ದ ಗಂಡ ಕೈಬೀಸಿ ಕೂಗಿದ. ನೀರಿನ ಅಬ್ಬರದಲ್ಲಿ ಅವನ ಕೂಗು ಅವನಿಗೇ ಕೇಳಲಿಲ್ಲ. ದೋಣಿ ಧುಮುಕಿತು, ನಿಂತಲ್ಲೇ ಗಿರಕಿ ಹೊಡೆಯಿತು, ಮಗುಚಿತು. ಸ್ವಲ್ಪ ಹೊತ್ತಿಗೆ ಖಾಲಿ ದೋಣಿ ಮಾತ್ರ ಹೊರಬಿತ್ತು. ಅವಳ ಕೆಂಪು ಹೆಲ್ಮೆಟ್ಟು ಕಂಡಿತು, ಮುಳುಗಿತು, ಅದೇ ಜಾಗದಲ್ಲಿ ಮತ್ತೆ ಕಂಡಿತು. ಅವನು ಹಗ್ಗ ಎಸೆದ. ಅದು ಅರ್ಧಕ್ಕೇ ಬಿತ್ತು. ಎಳೆದುಕೊಂಡು ಮತ್ತೆ ಎಸೆಯುವಷ್ಟರಲ್ಲಿ ಹೆಲ್ಮೆಟ್ಟು ಕಾಣಲಿಲ್ಲ.

ತಾನು ನೀರಿಗೆ ಇಳಿದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಎದೆಮಟ್ಟಕ್ಕೆ ಬಂದು, ಕಾಲು ಜಾರುತ್ತಿರುವಾಗ, ಹಿಂದಿನಿಂದ ಯಾರೋ ಕೊರಳಪಟ್ಟಿ ಹಿಡಿದು ದಡಕ್ಕೆ ಎಳೆದರು. ತಿರುಗಿ ನೋಡಿದರೆ ಹೆಂಡತಿ! ಅವನನ್ನೂ ದಾಟಿ ಕೆಳಗೆ ಹೋಗಿ ಎದ್ದಿದ್ದಳು.

"ಈಜು ಬರದ ನಿಮ್ಗೆ ಯಾರ್ರೀ ಇಳೀರಿ ಅಂದಿದ್ದು?" ಎಂದು ಕೆಮ್ಮುತ್ತಲೇ ಗದರಿದಳು. ಅವನು ಅವಳ ಒದ್ದೆ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಗಳಗಳನೆ ಅತ್ತುಬಿಟ್ಟ.

ಮನೆಗೆ ಬಂದು ಚಹಾ ಕುಡಿಯುವಾಗ ಕೇಳಿದ, "ಹೇಗೆ ಬಂದೆ ನೀನು ಹೊರಗೆ?"

"ಮೇಲೆ ಬರೋಕೆ ಒದ್ದಾಡಿದಷ್ಟೂ ಗೋಡೆಗೇ ಎಳೀತಿತ್ತು. ತಳದಲ್ಲಿ ನೀರು ಹೊರಗೆ ಓಡ್ತಿರುತ್ತೆ ಅಂತ ಕ್ಲಬ್ಬಲ್ಲಿ ಹೇಳಿದ್ರು. ತೇಲಿಸೋ ಜಾಕೆಟ್ಟು ಮೇಲಕ್ಕೆ ಎತ್ತೋದು, ಧಾರೆ ಕೆಳಗೆ ತಳ್ಳೋದು. ಸರಿ, ಧಾರೆ ತಲೆ ಮೇಲೆ ಬಿದ್ದಾಗ ಮೊಣಕಾಲು ತಬ್ಕೊಂಡು ಉಂಡೆ ಆದೆ. ಅದೇ ತಳಕ್ಕೆ ತಳ್ಳಿ ಆಚೆ ಹಾಕ್ತು."

"ಭಯ ಆಗ್ಲಿಲ್ವಾ?"

"ಆಗದೆ ಇರುತ್ತಾ? ಭಯ ಪಡೋಕೂ ಉಸಿರು ಬೇಕಲ್ಲ. ಇದ್ದಿದ್ದನ್ನ ಉಳಿಸ್ಕೊಂಡೆ."

ಸುದ್ದಿ ಕೇಳಿ ಓಡಿಬಂದ ಮಗಳು ಬಾಗಿಲಲ್ಲೇ ಶುರುಹಚ್ಚಿಕೊಂಡಳು. "ಅಮ್ಮ, ಇನ್ನೊಂದ್ಸಲ ದೋಣಿ ಮುಟ್ಟಿದ್ರೆ ನಾನು ಸುಮ್ನಿರಲ್ಲ. ಅಪ್ಪ, ನೀವಾದ್ರೂ ಹೇಳಿ."

ಅಪ್ಪ ಮಗಳ ಕೈಗೊಂದು ಚಹಾ ಲೋಟ ಕೊಟ್ಟ. ಅಮ್ಮನೇ ಹೇಳಿದಳು, "ನದಿ ಮೋಸ ಮಾಡ್ಲಿಲ್ಲ ಕಣೇ. ಇಳಿದು ನೋಡೋಕೆ ನನಗೆ ಸೋಮಾರಿತನ. ತಪ್ಪು ನಂದು."

ಅಂದು ನೀರಿನ ಏಟಿಗೆ ಉಳುಕಿದ್ದ ಭುಜ ಸರಿಹೋಗುವವರೆಗೆ ಅವಳು ಹುಟ್ಟು ಹಿಡಿಯಲಿಲ್ಲ. ಆದರೆ ಸಂಜೆ ಅಂಗಡಿ ಮುಚ್ಚಿದರೆ ನೇರ ಮೂರನೇ ಒಡ್ಡಿಗೆ. ನೀರು ಎಷ್ಟಿದ್ದರೆ ಧಾರೆ ಹೇಗೆ ಬೀಳುತ್ತದೆ, ಯಾವ ಬಂಡೆ ಮುಳುಗಿದಾಗ ಹೊರಳು ಶುರುವಾಗುತ್ತದೆ ಎಂದು ನೋಡುತ್ತ ನಿಲ್ಲುವಳು. ಬೇಸಿಗೆ ಬಂದು ನದಿ ಸೊರಗಿದ ಮೇಲೆ, ಊರಿನ ಪುರಸಭೆಯವರನ್ನು ಒಪ್ಪಿಸಿ, ಒಡ್ಡಿನ ಮೇಲ್ಗಡೆಯ ಸೇತುವೆಯ ಕಂಬಕ್ಕೆ ತಾನೇ ಬಣ್ಣ ಬಳಿದಳು: ಕೆಳಗೆ ಹಸಿರು ಪಟ್ಟಿ, ಅದರ ಮೇಲೆ ಹಳದಿ, ಅದಕ್ಕೂ ಮೇಲೆ ಕೆಂಪು. ನೀರು ಕೆಂಪು ಮುಟ್ಟಿತೋ, ದೋಣಿ ಹೆಗಲಿಗೆ. ಈಗ ಗಾಳ ಹಾಕುವವರು, ಈಜುವ ಹುಡುಗರು, ಕ್ಲಬ್ಬಿನವರು ಎಲ್ಲರೂ ಆ ಕಂಬ ನೋಡಿಯೇ ನೀರಿಗಿಳಿಯುತ್ತಾರೆ. ಗಂಡ ಅಷ್ಟರಲ್ಲಿ ಬೇಕರಿಯ ಹಿತ್ತಲಲ್ಲಿ ಖಾಲಿ ಎಣ್ಣೆ ಡಬ್ಬಕ್ಕೆ ಗುರಿಯಿಟ್ಟು ಹಗ್ಗ ಎಸೆದು ಎಸೆದು ಕೈ ಪಳಗಿಸಿಕೊಂಡಿದ್ದ.

ಮಳೆಗಾಲದ ಮೊದಲ ನೀರು ಹಳದಿಗೆ ಬಂದ ದಿನ ಸೋಫಾ ಅಕ್ಕ ಮೂರನೇ ಒಡ್ಡಿನ ಬಳಿ ದಡಕ್ಕೆ ಬಂದಳು. ಇಳಿದಳು, ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು. ಕೆಳಗೆ ನಿಂತಿದ್ದ ಗಂಡ ಹಗ್ಗದ ಸುರುಳಿ ಸರಿಮಾಡಿಕೊಂಡ. ಬೇಡ ಅನ್ನಲು ಇನ್ನೂ ಸಮಯವಿತ್ತು, ಅವನು ಅನ್ನಲಿಲ್ಲ. ಅವಳು ಮತ್ತೆ ಕೂತು, ಹುಟ್ಟು ಎತ್ತಿ, ನಡುಮಧ್ಯದ ಧಾರೆಗೆ ಮುಖಮಾಡಿದಳು. ದೋಣಿಯ ಮೂತಿ ಗೋಡೆಯ ಅಂಚಿಗೆ ಬಂತು, ಬಾಗಿತು, ಬಟ್ಟೆಯ ಮೇಲೆ ಕತ್ತರಿ ಓಡಿದ ಹಾಗೆ ನೆಟ್ಟಗೆ ಇಳಿದುಹೋಯಿತು.

"ಭೇಷ್!" ಎಂದು ಅವನು ಕೂಗಿದ ಕೂಗಿಗೆ ಎದುರು ದಡದಲ್ಲಿ ಗಾಳ ಹಾಕುತ್ತಿದ್ದವರು ತಲೆಯೆತ್ತಿದರು.

"ನನ್ನ ಹೆಂಡ್ತಿ ರೀ ಅದು!" ಎಂದ, ಯಾರೂ ಕೇಳದಿದ್ದರೂ.