ಹೊಸಿಲಾಚೆ ಕೂತ ರೊಗಾಟಾ

ರೊಗಾಟಾಳ ಬಾಯಿಗೆ ಹೆದರದವರು ಕಾರ್ಥೇಜಿನ ಆ ಬಂದರಿನಲ್ಲಿ ಯಾರಿದ್ದರು ಹೇಳಿ! ಉಪ್ಪುತೊಟ್ಟಿಯಲ್ಲಿ ಮೀನು ಹದ ಮಾಡುವ ಹೆಂಗಸು. ಕೆಣಕಿದರೆ ಮೇಸ್ತ್ರಿಗೂ ನೀರಿಳಿಸುತ್ತಿದ್ದಳು.

ಕ್ರೈಸ್ತರೂ ವಿಗ್ರಹಕ್ಕೆ ಧೂಪ ಹಾಕಬೇಕೆಂದು ಚಕ್ರವರ್ತಿಯ ಆಜ್ಞೆ ಬಂದ ವರ್ಷ, ಹಾಕೆನೆಂದ ಅವಳ ಗಂಡ ಬಾರಿಕ್ ಸೆರೆಯಲ್ಲೇ ಸತ್ತ. ಪಕ್ಕದ ಮನೆಯ ದೊನಾಟಾ ಚಿಟಿಕೆ ಧೂಪ ಹಾಕಿ ಜೀವ ಉಳಿಸಿಕೊಂಡಳು. ಗಲಾಟೆ ತಣ್ಣಗಾದ ಮೇಲೆ ಅಳುತ್ತ ಕ್ರೈಸ್ತ ಸಭೆಗೆ ಮರಳಿದಳು. ಸಭೆಯ ಹಿರಿಯ ಮಿಗ್ಗಿನ್ ತೀರ್ಪು ಕೊಟ್ಟ: ಮೂರು ವರ್ಷ ಪ್ರಾರ್ಥನೆಯ ಮನೆಯ ಹೊಸಿಲಾಚೆಯೇ ಇರಬೇಕು, ಪ್ರಭುವಿನ ಹೆಸರಲ್ಲಿ ಮುರಿದು ಹಂಚುವ ರೊಟ್ಟಿಯಲ್ಲಿ ಪಾಲಿಲ್ಲ.

ಮೊದಲ ಭಾನುವಾರ ಎಲ್ಲರೂ ಹೊರಗೆ ಕಲ್ಲಿನ ಮೇಲೆ ಕೂತ ದೊನಾಟಾಳಿಗೆ ತಾಗದಂತೆ ಬಟ್ಟೆ ಒತ್ತರಿಸಿಕೊಂಡು ಒಳಗೆ ಹೋದರು. ರೊಗಾಟಾ ಬಂದಳು. ಇವತ್ತು ದೊನಾಟಾಳ ಗ್ರಹಚಾರ ಬಿಡಿಸುತ್ತಾಳೆಂದು ಮಿಗ್ಗಿನ್ ಬಾಗಿಲಲ್ಲೇ ನಿಂತ.

“ಸರ್ಕೊಳ್ಳೇ ಆಕಡೆ. ಕಲ್ಲೆಲ್ಲ ನಿಮ್ಮಪ್ಪಂದಾ?” ಎಂದು ಪಕ್ಕದಲ್ಲೇ ಕುಕ್ಕರಿಸಿದಳು!

ಮುಂದಿನ ವಾರವೂ ಅಲ್ಲೇ ಕೂತಳು. “ನಿನ್ನ ಜಾಗ ಒಳಗಮ್ಮ,” ಎಂದ ಮಿಗ್ಗಿನ್.

“ಇವಳೊಬ್ಬಳೇ ಇದಾಳಲ್ಲ ಇಲ್ಲಿ.”

ದೊನಾಟಾ ಬಿಕ್ಕಿದಳು. “ನಿನ್ನ ಗಂಡ ಹೋದ, ನಾನು ಉಳ್ಕೊಂಡೆ. ನನ್ಮೇಲೆ ಸಿಟ್ಟಿಲ್ವೇನೇ ನಿಂಗೆ?”

“ಹೊಟ್ಟೆ ತುಂಬ ಇದೆ. ಸಿಟ್ಟಿದ್ರೆ ಪಕ್ಕದಲ್ಲಿ ಕೂರಬಾರ್ದಾ?”

ಮಿಗ್ಗಿನ್ ದಂಗಾದ. ಇಪ್ಪತ್ತು ವರ್ಷ ಕ್ಷಮೆಯ ಬೋಧನೆ ಮಾಡಿದವನು, ಇಂಥದ್ದನ್ನು ಕಂಡಿರಲಿಲ್ಲ.

ಬಿಸಿಲು, ಮಳೆ ಎನ್ನದೆ ಎರಡು ವರ್ಷ ಕೂತಳು ರೊಗಾಟಾ. ತಾನೂ ರೊಟ್ಟಿ ಮುಟ್ಟಲಿಲ್ಲ. ಆಮೇಲೆ ಜ್ವರ ಅವಳನ್ನು ಕೆಡವಿತು. “ಅವಳಿಲ್ದೆ ನನ್ನ ಕೈಲಾಗಲ್ಲಪ್ಪ. ಇವತ್ತೇ ಕೊನೆ, ಇನ್ನು ಬರಲ್ಲ,” ಎಂದು ಆ ಭಾನುವಾರ ಬೆಳಿಗ್ಗೆ ದೊನಾಟಾ ಮಿಗ್ಗಿನ್ ಹತ್ತಿರ ಹೇಳಿದಳು. ಮಿಗ್ಗಿನ್ ಪ್ರಾರ್ಥನೆಗೆ ಮುಂಚೆ ರೋಗಿಯನ್ನು ನೋಡಲು ಓಡಿದ.

“ಅವಳ ಹತ್ರ ಯಾರು ಕೂತಿದಾರೆ?” ರೊಗಾಟಾಳ ಮೊದಲ ಮಾತೇ ಅದು.

“ಯಾರೂ ಇಲ್ಲ.”

ಆ ಹೆಂಗಸು ಕಂಬಳಿ ಕಿತ್ತೊಗೆದು ಎದ್ದೇಬಿಟ್ಟಳು! ಕಾಲು ನಿಲ್ಲದು, ಗೋಡೆ ಹಿಡಿದು ಬಾಗಿಲವರೆಗೂ ಬಂದಳು. ಮಿಗ್ಗಿನ್ ದೇವರೇ ಎದುರು ಬಂದಂತೆ ಹೆದರಿದ.

“ಮಲಕ್ಕೋ ತಾಯಿ. ನಾನ್ ಹೋಗ್ತೀನಿ.”

“ಒಳಗೆ ನಿಂತು ಪ್ರಾರ್ಥನೆ ಮಾಡೋದಲ್ಲ. ಪಕ್ಕದಲ್ಲಿ ಕೂರ್ಬೇಕು.”

“ಕೂರ್ತೀನಿ.”

ಹೋಗಿ ಕೂತ. ಗಾಬರಿಯಿಂದ ಎದ್ದ ದೊನಾಟಾಳನ್ನೂ ಕೈಹಿಡಿದು ಕೂರಿಸಿದ. ಒಳಗೆ ಜನ ಕಾದರು. ರೊಟ್ಟಿ ಮುರಿಯುವವನೇ ಹೊರಗಿದ್ದ. ಮೊದಲು ಒಬ್ಬ ಕುರುಡ ಮುದುಕ ಗೋಡೆ ಸವರುತ್ತ ಬಂದು ಅವರ ಬಳಿ ಕೂತ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಯಾರೋ ರೊಟ್ಟಿಯ ಬುಟ್ಟಿಯನ್ನೂ ತಂದರು.

ಮಿಗ್ಗಿನ್ ಮೊದಲ ತುಂಡನ್ನು ದೊನಾಟಾಳ ಕೈಗಿಟ್ಟ.

“ಇನ್ನೂ ಒಂದು ವರ್ಷ ಇದೆಯಲ್ಲ?”

“ಆ ವರ್ಷ ಇಟ್ಟೋನು ನಾನೇ ತಾನೆ? ತಗೋ.”

ದೊನಾಟಾ ತಿನ್ನಲಿಲ್ಲ. ತುಂಡನ್ನು ಮುಷ್ಟಿಯಲ್ಲಿ ಹಿಡಿದು ರೊಗಾಟಾಳ ಮನೆಯತ್ತ ಓಡಿದಳು.