ಮೊದಲು ಕೇಳಬೇಕಾಗಿದ್ದ ಮಾತು

ಇಂಡಿ ತಾಲ್ಲೂಕಿನ ಒಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ನಾನು ಡಾಕ್ಟರಾಗಿ ಹೋದಾಗ ಅಲ್ಲಿನ ಹೆರಿಗೆ ಕೋಣೆ ಸಿಂದಗಿ ಕಡೆಯ ಒಬ್ಬ ನರ್ಸ್ ಕೈಯಲ್ಲಿತ್ತು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಊರಿನವರು ಅವರನ್ನು ಅಕ್ಕಾರು ಎನ್ನುತ್ತಿದ್ದರು. ನಾನು ಸಿಸ್ಟರ್ ಎನ್ನುತ್ತಿದ್ದೆ.

ನಾನು ಗದರುವವನಲ್ಲ. ದನಿ ಏರಿಸಿದ ನೆನಪಿಲ್ಲ. ಆದರೆ ನನ್ನ ಮಾತೆಲ್ಲ ‘ಯಾಕ’ದಿಂದಲೇ ಶುರುವಾಗುತ್ತಿತ್ತು. ಯಾಕ ತಡ ಆತು, ಯಾಕ ಆನ್‌ಲೈನ್‌ನಾಗ ಹಾಕಿಲ್ಲ, ಯಾಕ ಲಸಿಕೆಗೆ ಇಷ್ಟ ಕಡಿಮಿ ಮಂದಿ ಬಂದಾರ. ತಾಲ್ಲೂಕು ಮೀಟಿಂಗಿನಲ್ಲಿ ಮೇಲಿನವರು ನನ್ನನ್ನು ಹಾಗೆಯೇ ಕೇಳುತ್ತಿದ್ದರು. ಅಲ್ಲಿ ಕೇಳಿಸಿಕೊಂಡದ್ದನ್ನು ತಂದು ಇಲ್ಲಿ ದಾಟಿಸುತ್ತಿದ್ದೆ. ಅದೇ ಆಡಳಿತ ಎಂದುಕೊಂಡಿದ್ದೆ.

ಒಂದು ಬೇಸಿಗೆಯ ಬೆಳಿಗ್ಗೆ ನಾನಿನ್ನೂ ದಾರಿಯಲ್ಲಿದ್ದೆ. ಹೆರಿಗೆಯಾದ ಹೆಂಗಸೊಬ್ಬಳಿಗೆ ರಕ್ತ ನಿಲ್ಲಲಿಲ್ಲ. ಸಿಸ್ಟರ್ ಫೋನಿನಲ್ಲಿ ನನ್ನನ್ನು ಕೇಳಿ ಇಂಜೆಕ್ಷನ್ ಕೊಟ್ಟರು, ಸಲೈನ್ ಹಚ್ಚಿದರು, ಆಂಬುಲೆನ್ಸಿನಲ್ಲಿ ತಾವೇ ಕೂತು ರಕ್ತ ತಡೆಯಲು ಆಕೆಯ ಹೊಟ್ಟೆ ಒತ್ತಿಹಿಡಿದ ಕೈ ತೆಗೆಯದೆ ತಾಲ್ಲೂಕು ಆಸ್ಪತ್ರೆ ಮುಟ್ಟಿಸಿದರು. ಮಧ್ಯಾಹ್ನ ಮರಳಿದಾಗ ಅವರ ಸೀರೆಯ ನೆರಿಗೆಯಲ್ಲಿ ರಕ್ತ ಒಣಗಿತ್ತು. ತಾಯಿ ಉಳಿದಳೆಂದು ಅಲ್ಲಿನ ಡಾಕ್ಟರು ನನಗೆ ಆಗಲೇ ತಿಳಿಸಿದ್ದರು. ನಾನು ಕೇಳಿದ್ದಿಷ್ಟು:

“ಸಿಸ್ಟರ್, ಈ ಕೇಸ್ ರಜಿಸ್ಟರ್‌ನಾಗ ಯಾಕ ಬರದಿಲ್ರಿ?”

ಅವರು ಕೂತು ಬರೆದರು. ಸಹಿ ಹಾಕಿ, ಪೆನ್ನು ಮುಚ್ಚಿಟ್ಟು, ಸಿಟ್ಟಿಲ್ಲದೆ ಹೇಳಿದರು: “ಆ ಹೆಣ್ಮಗಳು ಉಳದಾಳ್ರಿ ಸರ್. ಮೊದಲ ಅದನ್ನ ಒಂದ್ ಮಾತ ಕೇಳಬೇಕಾಗಿತ್ರಿ.”

ನನಗೆ ಫೋನ್ ಬಂದಿತ್ತು, ಗೊತ್ತಿತ್ತು ಎಂದೆ. ಅವರು ರಜಿಸ್ಟರ್ ಎತ್ತಿ ಕಪಾಟಿನಲ್ಲಿಟ್ಟರು.

ಅಂದಿನಿಂದ ಕೆಲಸದಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ರಜಿಸ್ಟರ್ ಹೊತ್ತಿಗೆ ಸರಿಯಾಗಿ ತುಂಬುತ್ತಿತ್ತು. ಆದರೆ ದಿನ ತುಂಬಿದ ಬಸುರಿಯರ ಮನೆಗೆ ತಾವಾಗಿ ಫೋನ್ ಮಾಡಿ ವಿಚಾರಿಸುವುದನ್ನು ಅವರು ಬಿಟ್ಟರು. ಏನು ಕೇಳಿದರೂ ಹೌದ್ರಿ, ಇಲ್ರಿ, ಅಷ್ಟೇ. ಎರಡು ತಿಂಗಳಿಗೆ ಮುದ್ದೇಬಿಹಾಳಕ್ಕೆ ವರ್ಗಾವಣೆ ಕೇಳಿ ಅರ್ಜಿ ತಂದರು. ಕೆಲಸ ಹೆಚ್ಚಾಯಿತೇ ಎಂದು ಕೇಳಿದೆ.

“ಕೆಲಸಕ್ಕ ದಣದಿಲ್ರಿ. ಉತ್ತರಾ ಕೊಟ್ಟ ಕೊಟ್ಟ ದಣದೇನಿ.”

ಸಹಿ ಹಾಕಿದೆ. ಅವರು ಹೊರಡುವ ದಿನ ಆ ಬೆಳಗಿನ ಕೆಲಸಕ್ಕೆ ಉಪಕಾರವಾಯಿತು ಎಂದೆ. ತಲೆಯಾಡಿಸಿದರು. ತಡವಾಗಿತ್ತೆಂದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಬೆಳಗಿನ ಮೀಟಿಂಗಿನಲ್ಲಿ ರಜಿಸ್ಟರ್ ತೆರೆಯುವ ಮೊದಲು, ನಿನ್ನೆ ಏನಾಯಿತು, ಯಾವುದು ಕಷ್ಟವಾಯಿತು ಎಂದು ಕೇಳತೊಡಗಿದೆ. ನಾಲಿಗೆಗೆ ರೂಢಿಯಿರಲಿಲ್ಲ. ಕೇಳಿಸಿಕೊಳ್ಳುವವರಿಗೂ ಇರಲಿಲ್ಲ, ಯಾವುದೋ ತಪಾಸಣೆ ಬಂದಿದೆಯೆಂದು ಔಷಧ ಕೊಡುವವರು ಎರಡು ದಿನ ಕಪಾಟು ಒರೆಸಿದರು. ಮೂರನೆಯ ವಾರ ಆಶಾ ಕಾರ್ಯಕರ್ತೆಯೊಬ್ಬಳು ಬಾಯಿ ಬಿಟ್ಟಳು. ಅಗರಖೇಡದ ಒಬ್ಬ ಬಸುರಿಗೆ ಕಾಲು ಬಾತಿವೆ, ತಲೆನೋವಿದೆ, ದವಾಖಾನೆಗೆ ಕಳಿಸಲು ಮನೆಯವರು ಒಪ್ಪುತ್ತಿಲ್ಲ ಎಂದಳು. ಎಂಟು ದಿನದಿಂದ ಅವಳಿಗೆ ಅದು ಗೊತ್ತಿತ್ತು.

“ಹೇಳಿದ್ರ, ಯಾಕ ಕರಕೊಂಡ ಬಂದಿಲ್ಲ ಅಂತೀರಿ ಅಂತ ಅಂಜಿ ಸುಮ್ನಿದ್ದೆರಿ.”

ಆಗಲೂ ಬಾಯಿಗೆ ಬಂದದ್ದು ‘ಯಾಕ’ವೇ. ನುಂಗಿಕೊಂಡು, ನಡಿ ಹೋಗೋಣ ಎಂದೆ. ಆ ಬಸುರಿಯ ರಕ್ತದೊತ್ತಡ ವಿಪರೀತ ಏರಿತ್ತು. ಅತ್ತೆಯನ್ನು ಒಪ್ಪಿಸಲು ಒಂದು ತಾಸು ಹಿಡಿಯಿತು. ಜಿಲ್ಲಾಸ್ಪತ್ರೆಯಲ್ಲಿ ಹೆರಿಗೆಯಾಗಿ ತಾಯಿ ಮಗು ಇಬ್ಬರೂ ಮನೆಗೆ ಬಂದರು.

ಇದನ್ನು ಹೇಳಲು ಸಿಸ್ಟರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿ, ಛಲೋ ಆತ್ರಿ ಎಂದರು. ಆ ಆಶಾ ಕಾರ್ಯಕರ್ತೆಗೆ ಏನು ಹೇಳಿದಿರಿ ಎಂದು ಕೇಳಿದರು. ನಿನ್ನಿಂದ ಎರಡು ಜೀವ ಉಳಿದವು ಅಂದೆನೆಂದು ಹೇಳಿದೆ. ಹಂಗ ಅನಬೇಕ್ರಿ ಎಂದರು. ಆಮೇಲೆ, ಒಳಗೆ ಹೆರಿಗೆ ಕೇಸ್ ಬಂದಿದೆಯೆಂದು ಫೋನ್ ಇಟ್ಟರು.